ಒಬ್ಬರಿಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಬ್ಬರಿಗೆ ಮಲ್ಲೇಶ್ವರ: ಮನೆ ಎಲ್ಲಿ ಕೊಳ್ಳೋದು?

ಹಾಸನದವ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಮನೆ ತಗೊಳ್ಳೋ ಹಂತಕ್ಕೆ ಬಂದಿದ್ದೀವಿ, ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ.

ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ ಮೊದಲನೇ ಹಂತದಲ್ಲಿ. ವಾರದಲ್ಲಿ ನಾಲ್ಕು ದಿನ ಹೋಗಲೇಬೇಕು. ಹೆಂಡತಿ ಮಲ್ಲೇಶ್ವರದ ಒಂದು ಬ್ಯಾಂಕ್ ಶಾಖೆಯಲ್ಲಿದ್ದಾಳೆ. ಮಗಳು ಎರಡನೇ ಕ್ಲಾಸು. ಊರಲ್ಲಿರೋ ಅಪ್ಪ ಅಮ್ಮ ಮುಂದಿನ ವರ್ಷ ನಮ್ಮ ಜೊತೆಗೇ ಬರ್ತಾರೆ. ಅಪ್ಪನಿಗೆ ಹೃದಯದ ತೊಂದರೆ, ಜಯದೇವ ಆಸ್ಪತ್ರೆಗೆ ಆಗಾಗ ತೋರಿಸಬೇಕು. ಈಗ ರಾಜಾಜಿನಗರದಲ್ಲಿ ಬಾಡಿಗೆಗೆ ಇದ್ದೀವಿ.

ರಿಜಿಸ್ಟ್ರೇಷನ್ ಎಲ್ಲ ಸೇರಿ 85 ಲಕ್ಷ ದಾಟಬಾರದು. ನೋಡಿರೋದು ಮೂರು. ಚಂದಾಪುರದ ಹತ್ತಿರ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು, 72 ಲಕ್ಷ. ಕನಕಪುರ ರಸ್ತೆಯ ವಜ್ರಹಳ್ಳಿ ಕಡೆ ಹಳೇ ಅಪಾರ್ಟ್‌ಮೆಂಟಲ್ಲಿ ಎರಡು ಬೆಡ್‌ರೂಮು, 75 ಲಕ್ಷ ಹೇಳ್ತಿದ್ದಾರೆ. ಮೂರನೇದು ಕೆಂಗೇರಿ ದಾಟಿ ಒಂದು ಬಿಡಿ ಮನೆ, ಆದರೆ ಬಿ ಖಾತಾ.

ನನ್ನ ಒಲವು ಚಂದಾಪುರದ ಕಡೆಗೆ. ಆಫೀಸು ಹತ್ತಿರ, ಮನೆ ಹೊಸದು, ಅಪ್ಪ ಅಮ್ಮನಿಗೆ ಬೇರೆ ರೂಮು ಸಿಗುತ್ತೆ. ಮೆಟ್ರೊ ಮುಂದಕ್ಕೆ ಬರುತ್ತೆ, ಸಬರ್ಬನ್ ರೈಲೂ ಬರುತ್ತೆ ಅಂತ ಬ್ರೋಕರ್ ಹೇಳ್ತಿದ್ದಾರೆ. ನೀವೇನಂತೀರಿ?

ಚಂದಾಪುರವಾಸಿ

ಸರ್, ನಾನು ಇಲ್ಲೇ ಮನೆ ಮಾಡ್ಕೊಂಡು ಇರೋನು. ಊರನ್ನ ಬಯ್ಯೋಕೆ ನನಗೆ ಇಷ್ಟ ಇಲ್ಲ. ತರಕಾರಿ ಅಗ್ಗ, ಶಾಲೆಗಳು ಬಂದಿವೆ, ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋರಿಗೆ ಇದಕ್ಕಿಂತ ಅನುಕೂಲ ಇಲ್ಲ. ಗಂಡ ಹೆಂಡತಿ ಇಬ್ಬರ ಕೆಲಸವೂ ಈ ಕಡೆಯೇ ಇದ್ದಿದ್ದರೆ ಕಣ್ಣು ಮುಚ್ಕೊಂಡು ಬನ್ನಿ ಅಂತಿದ್ದೆ.

ಆದರೆ ನೀರಿನ ವಿಷಯ ಬಿಚ್ಚಿ ಹೇಳಬೇಕು. ಚಂದಾಪುರ ಇರೋದು ಪುರಸಭೆಯಲ್ಲಿ, ಬೆಂಗಳೂರಿನ ಪಾಲಿಕೆಯೊಳಗೆ ಅಲ್ಲ. 2024ರ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತಲ್ಲ, ದಿನಕ್ಕೆ 775 ದಶಲಕ್ಷ ಲೀಟರು, ಅದು ಹಿಂದೆ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ. ನಮ್ಮ ಅಪಾರ್ಟ್‌ಮೆಂಟುಗಳು ನಡೆಯೋದು ಬೋರ್‌ವೆಲ್ ಮತ್ತೆ ಟ್ಯಾಂಕರ್ ಮೇಲೆ. 2024ರ ಬೇಸಿಗೆಯಲ್ಲಿ ಬೋರು ಬತ್ತಿದಾಗ ಟ್ಯಾಂಕರಿನವರು ಹೇಳಿದ್ದೇ ರೇಟು. ಆ ಖರ್ಚು ಕೊನೆಗೆ ಬಂದು ಕೂರೋದು ತಿಂಗಳ ಮೇಂಟೆನೆನ್ಸಿನಲ್ಲಿ. ಫ್ಲ್ಯಾಟ್ ನೋಡೋಕೆ ಹೋದಾಗ ಮಾದರಿ ಮನೆಯ ಸೋಫಾ ನೋಡಬೇಡಿ. ಪಕ್ಕದಲ್ಲಿ ಈಗಾಗಲೇ ಜನ ಇರೋ ಅಪಾರ್ಟ್‌ಮೆಂಟಿಗೆ ಹೋಗಿ, ವಾಚ್‌ಮನ್ ಹತ್ತಿರ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಕೇಳಿ.

ಮತ್ತೆ ಮೇಡಂ ಮಲ್ಲೇಶ್ವರಕ್ಕೆ ಹೋಗೋದು ಹೇಗೆ? 30 ಕಿಲೋಮೀಟರಿಗೂ ಮೇಲಾಗುತ್ತೆ.

ಮಾಲೂರು ರೈಲು

ಬರುತ್ತೆ ಅನ್ನೋ ರೈಲನ್ನ ನಂಬಿ ಮನೆ ತಗೋಬೇಡಿ ಅಣ್ಣ. ನಾನು ಮಾಲೂರಿನಿಂದ ಸೀಸನ್ ಪಾಸಲ್ಲಿ ವೈಟ್‌ಫೀಲ್ಡಿಗೆ ಓಡಾಡೋನು. ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯ ಎಷ್ಟೋ ಸಂಸಾರಗಳು ಈ ರೈಲಿನ ಮೇಲೇ ನಿಂತಿವೆ. ಆದರೆ ಆ ರೈಲು ಮೊದಲಿಂದಲೂ ಓಡ್ತಾ ಇತ್ತು, ಅದನ್ನ ನೋಡ್ಕೊಂಡು ನಾವು ಮನೆ ಕಟ್ಟಿದ್ದು.

ಸಬರ್ಬನ್ ರೈಲಿಗೆ ಅಡಿಗಲ್ಲು ಹಾಕಿದ್ದು 2022ರ ಜೂನಲ್ಲಿ. 40 ತಿಂಗಳಲ್ಲಿ ಮುಗಿಸ್ತೀವಿ ಅಂದರು. 40 ತಿಂಗಳು ಕಳೆದು ಹೋಯ್ತು, ಒಂದು ರೈಲೂ ಓಡಲಿಲ್ಲ. ನಿಮಗೆ ಬ್ರೋಕರ್ ಹೇಳ್ತಿರೋದು ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗೋ ಕನಕ ಮಾರ್ಗ ಇರಬೇಕು. ಹೊಸೂರಿನ ಕಡೆ ಮೆಟ್ರೊ ಅನ್ನೋದೂ ಇನ್ನೂ ಮಾತಿನಲ್ಲೇ ಇದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗೋ ಮೆಟ್ರೊ ಹಳದಿ ಮಾರ್ಗದ ಗಡುವು ಎಷ್ಟು ಸಲ ಮುಂದಕ್ಕೆ ಹೋಯ್ತು ಅಂತ ಎಲೆಕ್ಟ್ರಾನಿಕ್ ಸಿಟಿಯವರನ್ನ ಕೇಳಿ. ಅಂತೂ 2025ರ ಆಗಸ್ಟಲ್ಲಿ ಶುರುವಾದಾಗ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬೋಗಿಗಳು ಬಂದ ಹಾಗೆಲ್ಲ ಆ ಅಂತರ ಕಮ್ಮಿ ಆಯ್ತು.

ಇವತ್ತು ಏನು ಓಡ್ತಿದೆಯೋ ಅದಕ್ಕಷ್ಟೇ ದುಡ್ಡು ಕೊಡಿ. ಮುಂದೆ ಬಂದರೆ ಬರಲಿ, ಅದು ನಿಮ್ಮ ಪುಣ್ಯ.

ಧಾರವಾಡದಾಕಿ

ಅಣ್ಣಾರ, ನೀವು ಬರೆದದ್ದನ್ನ ಎರಡು ಸಲ ಓದಿದೆ. ನಿಮ್ಮ ಆಫೀಸು ಯಾವ ಹಂತದಾಗ ಅದ ಅಂತ ಸುದ್ದಾ ಹೇಳೀರಿ. ವೈನಿಯವರು ಎಷ್ಟಕ್ಕ ಮನಿ ಬಿಡ್ತಾರ, ಎಷ್ಟಕ್ಕ ವಾಪಸ್ ಬರ್ತಾರ ಅನ್ನೋದು ಒಂದ್ ಸಾಲೂ ಇಲ್ಲ. ಸಿಟ್ಟಾಗಬ್ಯಾಡ್ರಿ, ಮನಿ ಹುಡುಕೋವಾಗ ಎಲ್ಲಾರ ಮನ್ಯಾಗೂ ಹಿಂಗ ಆಗ್ತದ.

ನಾವು ಹುಡುಕಿದಾಗ ನಮ್ಮನಿಯವರ ಆಫೀಸಿನಿಂದ ಎಷ್ಟು ದೂರ ಅನ್ನೋದು ಬಿಟ್ಟು, ಮನಿ ಮಂದಿ ಎಲ್ಲಾರೂ ಸೇರಿ ದಿನಕ್ಕ ಎಷ್ಟು ತಾಸು ದಾರಿ ಮ್ಯಾಲ ಇರ್ತೀವಿ ಅಂತ ಲೆಕ್ಕ ಹಾಕಿದ್ವಿ. ಗಂಡಗ ಅರ್ಧ ತಾಸು, ಹೆಂಡ್ತಿಗೆ ಎರಡು ತಾಸು ಆದ್ರ ಅದು ಸನೇದ ಮನಿ ಅಲ್ಲರಿ. ಇಬ್ಬರಿಗೂ ಒಂದೊಂದು ತಾಸು ಆದ್ರ ಸಂಸಾರ ನಡೀತದ. ಅದಕ್ಕಿಂತ ದೊಡ್ಡ ಮಾತು ಇನ್ನೊಂದು ಅದ. ಮಧ್ಯಾಹ್ನ ಹನ್ನೆರಡಕ್ಕ ಸಾಲಿಯಿಂದ ಫೋನ್ ಬರ್ತದ, ಮಗಳಿಗೆ ಜ್ವರ ಬಂದದ, ಬಂದು ಕರಕೊಂಡು ಹೋಗ್ರಿ ಅಂತ. ಯಾರು ಹೋಗ್ತೀರಿ? ಆ ಹೆಸರು ಮೊದಲು ನಿಮ್ಮಿಬ್ಬರ ನಡುವ ಗಟ್ಟಿ ಆಗ್ಲಿ, ಆಮ್ಯಾಲ ಆ ಒಬ್ಬರಿಗೆ ಯಾವ ಮನಿ ಅನುಕೂಲ ಅಂತ ನೋಡ್ರಿ.

ಸಾಲಿ ಬಸ್ಸಿನ ವ್ಯಾಳ್ಯಾನೂ ಕೇಳ್ರಿ. ಸಣ್ಣ ಹುಡುಗಿ ಮುಂಜಾನೆ ಆರೂವರಿಗೆ ಬಸ್ಸಿಗೆ ನಿಲ್ಲೋದು, ಸಂಜೀಕ ನಾಲ್ಕೂವರಿಗೆ ಇಳಿಯೋದು, ಅದೂ ಒಂದು ಕೆಲಸಕ್ಕ ಹೋಗಿಬಂದಂಗ ಆಗ್ತದ. ನಾವು ಕೋಣನಕುಂಟೆ ಕ್ರಾಸ್ ಹಂತ್ಯಾಕ ಅದೀವಿ, ಮಕ್ಕಳ ಸಾಲಿಗೆ ನಡಕೊಂಡ ಹೋಗ್ತಾವ. ಮನಿ ಸಣ್ಣದು ಖರೆ, ಆದ್ರ ರಾತ್ರಿ ಊಟಕ್ಕ ಎಲ್ಲಾರೂ ಕೂಡಿ ಕೂಡ್ತೀವಿ.

ಹಾಸನದವ

ಅಕ್ಕ, ನೀವು ಹೇಳಿದ್ದು ನಿಜ. ಅವಳನ್ನೇ ಇಲ್ಲಿ ಬರೆಯೋಕೆ ಹೇಳ್ತೀನಿ. ಆದರೂ ನನಗೆ ಬಿಡಿಸೋಕೆ ಆಗದೇ ಇರೋದು ರೂಮಿನ ಪ್ರಶ್ನೆ. ಎರಡು ಬೆಡ್‌ರೂಮಲ್ಲಿ ಐದು ಜನ ಹೇಗೆ? ಅಪ್ಪ ಅಮ್ಮ ತೊಟ್ಟಿ ಮನೆಯಲ್ಲಿ ಬಾಳಿದೋರು, ಹಾಲಲ್ಲಿ ಮಲಗಿ ಅಂತ ಹೇಳೋಕೆ ಬಾಯಿ ಬರಲ್ಲ.

ಸಂಪಿಗೆ

ನಾನೇ ಅವರ ಹೆಂಡತಿ. ನಮಸ್ಕಾರ.

ಶಾಖೆಯ ಬಾಗಿಲು ಹಾಕಿದ ಮೇಲೂ ನಮ್ಮ ಕೆಲಸ ಮುಗಿಯಲ್ಲ. ಹೊರಡೋದು ಆರೂವರೆ, ತಿಂಗಳ ಕೊನೆಗೆ ಏಳೂ ದಾಟುತ್ತೆ. ಚಂದಾಪುರ ಅಂದರೆ ನಾನು ಸಂಪಿಗೆ ರಸ್ತೆಯಲ್ಲಿ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಹಿಡಿದು, ಕೊನೆಯ ನಿಲ್ದಾಣ ಬೊಮ್ಮಸಂದ್ರದವರೆಗೂ ಹೋಗಬೇಕು. ರೈಲಿನಲ್ಲೇ ಹತ್ತಿರ ಹತ್ತಿರ ಒಂದು ತಾಸು. ಅಲ್ಲಿಂದ ಆಟೋ. ಆ ಕೊನೆಯ ತುಂಡೇ ನನಗೆ ಭಯ. ಹೊಸೂರು ರಸ್ತೆಯಿಂದ ಒಳಗೆ ತಿರುಗಿದ ಮೇಲೆ ನಾವು ನೋಡಿದ ಆ ಅಪಾರ್ಟ್‌ಮೆಂಟಿನವರೆಗೆ ಅಂಗಡಿ ಇಲ್ಲ, ಫುಟ್‌ಪಾತ್ ಇಲ್ಲ, ದೀಪವೂ ಇಲ್ಲ. ಬೆಳಗ್ಗೆ ಕಾರಲ್ಲಿ ಹೋಗಿ ನೋಡಿದ್ದಕ್ಕೆ ಇವರಿಗೆ ಅದು ಕಾಣಲಿಲ್ಲ. ಮಳೆಗಾಲದ ರಾತ್ರಿ ಎಂಟೂವರೆಗೆ ಆ ದಾರಿಯಲ್ಲಿ ಒಬ್ಬಳೇ ಬರಬೇಕಾದವಳು ನಾನು.

ವಜ್ರಹಳ್ಳಿ ಆದರೆ ಹಸಿರು ಮಾರ್ಗದಲ್ಲಿ ಎಲ್ಲೂ ಬದಲಾಯಿಸದೆ ಸಂಪಿಗೆ ರಸ್ತೆಯಲ್ಲಿ ಇಳೀತೀನಿ. ಇವರು ಆರ್.ವಿ. ರಸ್ತೆಯಲ್ಲಿ ಒಂದು ಸಲ ಬದಲಾಯಿಸಬೇಕು, ನಡಿಗೆ ಸೇರಿ ಒಂದು ತಾಸು ಅಂತ ಇಟ್ಟುಕೊಳ್ಳೋಣ. ಮಾವನವರ ಆಸ್ಪತ್ರೆಗೆ ಹಳದಿ ಮಾರ್ಗದಲ್ಲಿ ಜಯದೇವದ ಹೆಸರಿನದೇ ನಿಲ್ದಾಣ ಇದೆ.

ರೂಮಿನ ವಿಷಯಕ್ಕೆ ನನ್ನ ಉತ್ತರ ಇದು. ಒಂದು ರೂಮು ಅತ್ತೆ ಮಾವನಿಗೆ ಕೊಡೋಣ, ಒಂದು ನಮಗೂ ಮಗಳಿಗೂ. ಅವಳು ದೊಡ್ಡವಳಾಗೋ ಹೊತ್ತಿಗೆ ಬಾಲ್ಕನಿ ಕಡೆಯ ಜಾಗ ಅವಳಿಗೆ ಓದೋಕೆ. ಮೂರು ರೂಮು ಇದ್ದು ನಾನು ಮನೆಯಲ್ಲೇ ಇಲ್ಲದಿದ್ದರೆ ಅವು ಯಾರಿಗೆ ಬೇಕು?

ಧಾರವಾಡದಾಕಿ

ವೈನಿ, ಛಲೋ ಹೇಳಿದ್ರಿ. ಇನ್ನ ಮಾತು ನಿಮ್ಮ ಕೂಡನ.

ಆನೇಕಲ್ ಹುಡುಗ

ಎಲ್ಲರೂ ಆಫೀಸಿನ ಲೆಕ್ಕದಲ್ಲೇ ಮಾತಾಡ್ತಿದ್ದೀರಿ. ಸಾಲ 20 ವರ್ಷದ್ದು, ಐಟಿ ಕೆಲಸ ಅಷ್ಟು ವರ್ಷ ಒಂದೇ ಜಾಗದಲ್ಲಿ ಇರುತ್ತಾ? ಇವತ್ತು ಎಲೆಕ್ಟ್ರಾನಿಕ್ ಸಿಟಿ, ನಾಳೆ ಮಾನ್ಯತಾ ಟೆಕ್ ಪಾರ್ಕ್, ನಾಡಿದ್ದು ವೈಟ್‌ಫೀಲ್ಡ್. ಬ್ಯಾಂಕಿನವರಿಗೆ ವರ್ಗಾವಣೆಯೂ ಇದೆ. ಹಾಗಾಗಿ ಹೊರವಲಯದಲ್ಲಿ ದೊಡ್ಡ ಮನೆ ತಗೊಂಡು ಬೆಲೆ ಏರೋಕೆ ಬಿಡೋದೇ ಬುದ್ಧಿವಂತಿಕೆ ಅನ್ನೋದು ನನ್ನ ಅಭಿಪ್ರಾಯ.

ಮಾಲೂರು ರೈಲು

ತಮ್ಮಾ, ನೀನು ಹೇಳಿದ ಕಾರಣ ಸರಿ, ಆದರೆ ಅದೇ ಕಾರಣಕ್ಕೆ ನಾನು ತಿರುಗಾ ಮುರುಗಾ ಹೇಳ್ತೀನಿ. ಕೆಲಸ ಬದಲಾಗುತ್ತೆ ಅಂತಲೇ ಓಡ್ತಿರೋ ಮೆಟ್ರೊ ಪಕ್ಕ ಇರಬೇಕು. ಹಸಿರು ಮಾರ್ಗದಲ್ಲಿದ್ದರೆ ಮೆಜೆಸ್ಟಿಕ್ಕಲ್ಲಿ ನೇರಳೆ ಸಿಗುತ್ತೆ, ಅದು 2023ರ ಅಕ್ಟೋಬರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡ್ತಿದೆ. ಆರ್.ವಿ. ರಸ್ತೆಯಲ್ಲಿ ಹಳದಿ ಸಿಗುತ್ತೆ. ಕೆಲಸ ಎಲ್ಲಿಗೆ ಹೋದರೂ ಮನೆ ಬದಲಾಯಿಸೋ ಗೋಜಿಲ್ಲ. ಒಂದೇ ಆಫೀಸಿಗೆ ಮಾತ್ರ ಹತ್ತಿರ ಇರೋ ಮನೆ, ಆ ಆಫೀಸು ಬಿಟ್ಟ ದಿನವೇ ದೂರದ ಮನೆ ಆಗುತ್ತೆ.

ಸಾಲ ವಿಭಾಗ

ಗೃಹಸಾಲದ ಕೆಲಸ ಮಾಡುವುದರಿಂದ ಲೆಕ್ಕದ ಬಗ್ಗೆ ಸ್ವಲ್ಪ. 75 ಲಕ್ಷದ ಫ್ಲ್ಯಾಟು ಅಂದಾಗ ಜನ ಕಂತಿನ ಲೆಕ್ಕ ಮಾತ್ರ ಹಾಕಿಕೊಂಡು ಬರುತ್ತಾರೆ, ಕೈಯಿಂದ ಹಾಕಬೇಕಾದ ಹಣಕ್ಕೆ ಆಮೇಲೆ ಪರದಾಡುತ್ತಾರೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 80ರಷ್ಟೇ ಗರಿಷ್ಠ. ಅಂದರೆ 60 ಲಕ್ಷ ಸಾಲ, 15 ಲಕ್ಷ ನಿಮ್ಮದು. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು 2 ಆಗಿದೆ. ಒಟ್ಟು ಶೇ 7.6, ಅಂದರೆ 5 ಲಕ್ಷ 70 ಸಾವಿರ. ಇದಕ್ಕೆ ಸಾಲ ಸಿಗುವುದಿಲ್ಲ. ಹೀಗೆ ವಜ್ರಹಳ್ಳಿಯ ಮನೆಗೆ ಕೈಯಲ್ಲಿ 20 ಲಕ್ಷ 70 ಸಾವಿರ ಇರಬೇಕು, ಬಣ್ಣ, ಸಣ್ಣಪುಟ್ಟ ದುರಸ್ತಿ ಬೇರೆ. ಆದರೂ 85 ಲಕ್ಷದೊಳಗೆ ಬರುತ್ತದೆ.

ಚಂದಾಪುರದ್ದು ಇನ್ನೂ ಕಟ್ಟುತ್ತಿರುವುದರಿಂದ ಜಿಎಸ್‌ಟಿ ಶೇ 5 ಸೇರುತ್ತದೆ, 72 ಲಕ್ಷಕ್ಕೆ 3 ಲಕ್ಷ 60 ಸಾವಿರ. ಕಟ್ಟಿ ಮುಗಿದು ಪೂರ್ಣಗೊಂಡ ಪ್ರಮಾಣ ಪತ್ರ ಸಿಕ್ಕ ಮನೆಗೆ ಈ ತೆರಿಗೆ ಇಲ್ಲ. ಮನೆ ಕೈಗೆ ಬರುವವರೆಗೆ ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಹೋಗುತ್ತವೆ ಎನ್ನುವುದನ್ನು ಮರೆಯಬೇಡಿ. ಮೂರು ಲಕ್ಷ ಅಗ್ಗ ಎಂದು ಕಂಡದ್ದು ಅಲ್ಲಿಗೆ ಮುಗಿಯಿತು.

60 ಲಕ್ಷಕ್ಕೆ 20 ವರ್ಷ, ಬಡ್ಡಿ ಶೇ 8.5 ಅಂತ ಹಿಡಿದರೆ ತಿಂಗಳ ಕಂತು ಸುಮಾರು 52,000. ಓಡಾಟದ ಖರ್ಚನ್ನೂ ಇದರ ಪಕ್ಕದಲ್ಲೇ ಬರೆದುಕೊಳ್ಳಿ. 2025ರ ಫೆಬ್ರವರಿಯಲ್ಲಿ ಏರಿಸಿದ ಮೇಲೆ ಮೆಟ್ರೊದ ಗರಿಷ್ಠ ದರ 90 ರೂಪಾಯಿ. ಇಬ್ಬರಿಗೂ ಗರಿಷ್ಠವೇ ಬಿದ್ದರೆ ಹೋಗಿಬರಲು ದಿನಕ್ಕೆ 360. ಮೇಡಂ ಬಸ್ಸಿನಲ್ಲಿ ಹೋಗುವ ದಿನ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್ಸು ಉಚಿತ, ಹವಾನಿಯಂತ್ರಿತ ಬಸ್ಸಿಗೆ ಅನ್ವಯಿಸುವುದಿಲ್ಲ.

ಇನ್ನೊಂದು: ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ ಕಡಿದು ಕಟ್ಟಬೇಕಾದವರು ನೀವೇ.

ಪತ್ರ ಬರಹಗಾರ

ಉಪನೋಂದಣಾಧಿಕಾರಿ ಕಚೇರಿ ಮುಂದೆ ಕೂತು ಕ್ರಯಪತ್ರ ಬರೆಯೋದೇ ನನ್ನ ಕಸುಬು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಕೆಂಗೇರಿ ಕಡೆ ಬಿ ಖಾತಾ ಮನೆ ಮೊದಲು. ಬಿ ಖಾತಾ ಅಂದರೆ ತೆರಿಗೆ ಕಟ್ಟಿಸಿಕೊಳ್ಳೋಕೆ ಬರೆದಿಟ್ಟ ವಹಿ. ಅದು ಕೈಯಲ್ಲಿದೆ ಅಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಇದೆ, ನಕ್ಷೆ ಮಂಜೂರಾಗಿದೆ ಅಂತ ಅರ್ಥ ಅಲ್ಲ. ಭೂ ಪರಿವರ್ತನೆ ಆದೇಶ ಇದೆಯಾ ಕೇಳಿ. ಎಷ್ಟೋ ಬ್ಯಾಂಕುಗಳು ಇಂಥದ್ದಕ್ಕೆ ಸಾಲ ಕೊಡಲ್ಲ. ನಾಳೆ ಮಾರೋಕೆ ಹೋದಾಗ ಕೊಳ್ಳೋನೂ ಇದೇ ಪ್ರಶ್ನೆ ಕೇಳ್ತಾನೆ. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಬರೆದುಕೊಡ್ತೀನಿ ಅಂದರೆ ಎದ್ದು ಬನ್ನಿ, ಅದರಿಂದ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ವಜ್ರಹಳ್ಳಿ ಫ್ಲ್ಯಾಟಿಗೆ ನಾನಾಗಿದ್ದರೆ ಮೊದಲು ಕೇಳೋದು ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡೋ ಪ್ರಮಾಣ ಪತ್ರ. ಹಳೇ ಅಪಾರ್ಟ್‌ಮೆಂಟು ಅಂದಿರಿ, ಅಷ್ಟು ವರ್ಷ ಜನ ಇದ್ದಾರೆ, ಕರೆಂಟು ಇದೆ, ಇನ್ನೇನು ಓಸಿ ಅಂತ ಮಾರೋರು ಹೇಳ್ತಾರೆ. ಒಪ್ಪಬೇಡಿ. ಮೂರು ಮಹಡಿಗೆ ನಕ್ಷೆ ಮಾಡಿಸಿ ನಾಲ್ಕು ಕಟ್ಟಿರೋದು ಈ ಊರಲ್ಲಿ ಹೊಸದಲ್ಲ. ನಿಮ್ಮ ಫ್ಲ್ಯಾಟು ಆ ನಾಲ್ಕನೇದರಲ್ಲಿದ್ದರೆ? ಓಸಿ ಇಲ್ಲದ ಕಟ್ಟಡಗಳಿಗೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿನ ಆದೇಶವೂ ಬಂದಿದೆ, ಹಾಗಾಗಿ ಮುಂದೆ ಇದು ಇನ್ನೂ ಬಿಗಿ ಆಗುತ್ತೆ.

ಆಮೇಲೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರೋ ಖಾತಾ. ಅದಿಲ್ಲದೆ ಈಗ ನೋಂದಣಿಯೇ ಆಗಲ್ಲ. ಅದರಲ್ಲಿ ಮಾಲೀಕರ ಹೆಸರು, ಅಳತೆ, ಕ್ರಯಪತ್ರದಲ್ಲಿರೋ ಹಾಗೇ ಇರಬೇಕು. ಒಂದು ಅಕ್ಷರ ಆಚೀಚೆ ಇದ್ದರೂ ಮುಂಗಡ ಕೊಡೋ ಮೊದಲೇ ಅವರ ಕೈಯಲ್ಲೇ ಸರಿ ಮಾಡಿಸಿ. ಋಣಭಾರ ಪತ್ರ, ಅದೇ ಇಸಿ, 30 ವರ್ಷದ್ದು ತೆಗೆಸಿ. 2004ರ ಏಪ್ರಿಲಿನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲೇ ಸಿಗುತ್ತೆ, ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ಜನ ಈಚಿನದು ನೋಡಿ ಸುಮ್ಮನಾಗ್ತಾರೆ. ಅಣ್ಣತಮ್ಮಂದಿರ ವಿಭಾಗಪತ್ರ, ಹೆಣ್ಣುಮಕ್ಕಳ ಸಹಿ ಇಲ್ಲದ ಹಳೇ ಕ್ರಯ, ಇಂಥ ತಂಟೆಯೆಲ್ಲ ಇರೋದು ಆ ಹಳೇ ಭಾಗದಲ್ಲೇ. ಮಾರೋರ ಸಾಲ ಬ್ಯಾಂಕಲ್ಲಿ ಇನ್ನೂ ಇದ್ದರೆ ಮೂಲಪತ್ರಗಳು ಬ್ಯಾಂಕಲ್ಲೇ ಇರುತ್ತೆ, ಅಲ್ಲೇ ಹೋಗಿ ಕಣ್ಣಾರೆ ನೋಡಿ.

ಕೊನೇದಾಗಿ, ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಜಾಗದಲ್ಲಿ ನಿಂತುಕೊಳ್ಳಿ. ಸರ್ವೆ ನಂಬರು, ಕೆರೆ, ರಾಜಕಾಲುವೆ ಎಲ್ಲ ತೋರಿಸುತ್ತೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನ ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋದರಲ್ಲ, ಎಷ್ಟು ದುಬಾರಿ ಮನೆಯಾದರೂ ನೀರಿಗೆ ಅದರ ಹಳೇ ದಾರಿಯೇ ದಾರಿ.

ಚಂದಾಪುರವಾಸಿ

ನೀರಿಗೆ ಸಂಬಂಧಪಟ್ಟ ಹಾಗೆ ಇನ್ನೊಂದು ಸೇರಿಸ್ತೀನಿ. ಕನಕಪುರ ರಸ್ತೆ ಅಂದ ತಕ್ಷಣ ಕಾವೇರಿ ಇದ್ದೇ ಇರುತ್ತೆ ಅಂದುಕೋಬೇಡಿ. ತೊರೆಕಾಡನಹಳ್ಳಿಯಿಂದ ಬರೋ ದೊಡ್ಡ ಕೊಳವೆ ಆ ರಸ್ತೆ ಬದಿಯಲ್ಲೇ ಬಂದರೂ ಪಕ್ಕದ ಅಪಾರ್ಟ್‌ಮೆಂಟಿಗೆ ಸಂಪರ್ಕ ಇದೆ ಅಂತ ಆಗಲ್ಲ. ಅಸೋಸಿಯೇಷನ್ ಹತ್ತಿರ ಜಲಮಂಡಳಿ ಬಿಲ್ಲು ಕೇಳಿ, ಏಪ್ರಿಲ್ ತಿಂಗಳದ್ದು. ಟ್ಯಾಂಕರಿಗೆ ಕೊಟ್ಟ ಲೆಕ್ಕವೂ ಅವರ ಪುಸ್ತಕದಲ್ಲಿ ಇರುತ್ತೆ.

ಸಿವಿಲ್ ಎಂಜಿನಿಯರ್

ಹಳೇ ಕಟ್ಟಡ ನೋಡೋಕೆ ಮಳೆ ಬಂದ ಮಾರನೇ ದಿನ ಹೋಗಿ. ಬಾತ್‌ರೂಮಿನ ಹಿಂದಿನ ಗೋಡೆ, ಮೇಲಿನ ಮನೆಯ ಕೆಳಗಿನ ಛಾವಣಿ, ಲಿಫ್ಟಿನ ಗುಂಡಿ, ಬೇಸ್‌ಮೆಂಟು, ಇಷ್ಟರಲ್ಲಿ ತೇವ ಇದೆಯಾ ನೋಡಿದರೆ ಅರ್ಧ ಗೊತ್ತಾಗುತ್ತೆ. ಹೊಸದಾಗಿ ಬಣ್ಣ ಹೊಡೆದ ಒಂದೇ ಗೋಡೆ ಕಂಡರೆ ಯಾಕೆ ಅಂತ ಕೇಳಿ. ಹಿರಿಯರು ಇರ್ತಾರೆ ಅಂದಿರಲ್ಲ, ಲಿಫ್ಟಿಗೆ ಜನರೇಟರ್ ಸಂಪರ್ಕ ಇದೆಯಾ, ಗಾಲಿಕುರ್ಚಿ ಒಳಗೆ ಹಿಡಿಯುತ್ತಾ ನೋಡಿ. ಅಳತೆ ಕೇಳುವಾಗ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸೋಕೆ ಸಿಗೋ ಜಾಗ ಎಷ್ಟು ಅಂತ ಕೇಳಿ, ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿ ಮೆಟ್ಟಿಲು, ಲಾಬಿಯೆಲ್ಲ ಸೇರಿಸಿರ್ತಾರೆ.

ಹಾಸನದವ

ನನಗೆ ಆಗೊಮ್ಮೆ ಈಗೊಮ್ಮೆ ರಾತ್ರಿ ಪಾಳಿ ಬರುತ್ತೆ. ಕನಕಪುರ ರಸ್ತೆಯಿಂದ ನೈಸ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬೈಕಲ್ಲಿ ಹೋಗಬಹುದಾ?

ಆನೇಕಲ್ ಹುಡುಗ

ಹಗಲು ಹೋಗಬಹುದು, ಟೋಲ್ ಕಟ್ಟಬೇಕು. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ನೈಸ್ ರಸ್ತೆಗೆ ಬೈಕ್ ಬಿಡಲ್ಲ, ಅಪಘಾತ ಜಾಸ್ತಿ ಆಯ್ತು ಅಂತ 2022ರಲ್ಲಿ ಪೊಲೀಸರು ನಿಲ್ಲಿಸಿದರು. ಆ ದಿನಗಳಿಗೆ ಕಂಪನಿ ಕ್ಯಾಬ್ ಇದೆಯಾ ಈಗಲೇ ಕೇಳಿ ಇಟ್ಟುಕೊಳ್ಳಿ ಅಣ್ಣ. ಅಂದ ಹಾಗೆ ಮಾಲೂರಣ್ಣ ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಧಾರವಾಡದಾಕಿ

ಒಂದು ಕೆಲಸ ಮಾಡ್ರಿ. ಕೊಳ್ಳೋಕಿಂತ ಮೊದಲು ಆ ಏರಿಯಾದಾಗ ಬಾಡಿಗಿಗೆ ಇದ್ದು ನೋಡ್ರಿ. ಅತ್ತಿ ಮಾವನ್ನೂ ಒಂದು ತಿಂಗಳು ಕರಕೊಂಡು ಬರ್ರಿ. ಅವರಿಗೆ ಮುಂಜಾನೆ ಅಡ್ಡ್ಯಾಡಲಿಕ್ಕೆ ಜಾಗ, ಗುಡಿ, ಮಾತಿಗೆ ಒಂದೆರಡು ಮಂದಿ ಸಿಗಲಿಲ್ಲಂದ್ರ ಎಂಥಾ ಮನಿ ಕೊಂಡ್ರೂ ಅವರು ಊರಿಗೆ ಹೋಗ್ತೀವಿ ಅಂತಾರ.

ಸಂಪಿಗೆ

ಇಬ್ಬರೂ ಕೂತು ಮಾತಾಡಿದ್ವಿ. ಕೆಂಗೇರಿಯ ಮನೆ ಬಿಟ್ಟಿದ್ದೀವಿ, ಚಂದಾಪುರದವರಿಗೂ ಬೇಡ ಅಂತ ಹೇಳಿ ಆಯ್ತು. ವಜ್ರಹಳ್ಳಿಯ ಫ್ಲ್ಯಾಟಿನ ಓಸಿ ಮತ್ತೆ ಏಪ್ರಿಲ್ ತಿಂಗಳ ನೀರಿನ ಬಿಲ್ಲು ಕೇಳಿದ್ದಕ್ಕೆ ಮಾರುವವರು ಇನ್ನೂ ಕೊಟ್ಟಿಲ್ಲ. ಕೊಡುವವರೆಗೂ ಒಂದು ರೂಪಾಯಿ ಮುಂಗಡ ಇಲ್ಲ ಅಂತ ಇವರೇ ಫೋನ್ ಮಾಡಿ ಹೇಳಿದರು.

ಧಾರವಾಡದ ಅಕ್ಕ ಹೇಳಿದಂತೆ ಮಗಳ ಶಾಲೆ ಜೂನಿನಲ್ಲಿ ಶುರುವಾಗೋ ಮುಂಚೆ ಆ ಕಡೆಗೇ ಬಾಡಿಗೆಗೆ ಬರೋಣ ಅಂತಿದ್ದೀವಿ. ಶಾಲೆಯಿಂದ ಫೋನ್ ಬಂದರೆ ಮನೆಯಲ್ಲಿದ್ದು ಕೆಲಸ ಮಾಡೋ ದಿನ ಇವರು, ಉಳಿದ ದಿನ ಅತ್ತೆ ಮಾವ ಹೋಗ್ತಾರೆ, ಆದ್ದರಿಂದ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಲೇಬೇಕು. ದೊಡ್ಡಕಲ್ಲಸಂದ್ರ, ವಜ್ರಹಳ್ಳಿ, ತಲಘಟ್ಟಪುರ, ಈ ಮೂರರಲ್ಲಿ ಯಾವ ನಿಲ್ದಾಣದ ಪಕ್ಕವಾದರೂ ಸರಿ. ಎರಡು ಬೆಡ್‌ರೂಮು, ಲಿಫ್ಟ್ ಇರಬೇಕು ಅಥವಾ ನೆಲಮಹಡಿ ಆಗಬೇಕು. ನಿಮಗೆ ಗೊತ್ತಿರೋ ಮನೆ ಖಾಲಿ ಇದ್ದರೆ ಇಲ್ಲೇ ತಿಳಿಸಿ, ಸಂಜೆ ಏಳರ ಮೇಲೆ ಬಂದು ನೋಡ್ತೀವಿ. ಆ ಹೊತ್ತಿನಲ್ಲಿ ನಿಲ್ದಾಣದಿಂದ ನಡೆದುಕೊಂಡೇ ಬರ್ತೀವಿ.